ಕಾರಿನ ಸಬ್‌ವೂಫರ್ ಕೊಳ್ಳುವಾಗ ವಾಟ್ ಸಂಖ್ಯೆಯನ್ನು ಓದುವ ಕ್ರಮ

ಅಡಿಕೆ ಕೊಯ್ಲಿನ ಹಣ ಕೈಸೇರುವ ತಿಂಗಳುಗಳಲ್ಲಿ ಶಿವಮೊಗ್ಗದ ಕಾರ್ ಆಕ್ಸೆಸರಿ ಅಂಗಡಿಗಳ ಮುಂದೆ ಜನ ಹೆಚ್ಚು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಬಂದವರು ಸೀಟ್ ಕವರ್ ಹಾಕಿಸಿಕೊಳ್ಳುತ್ತ ನಿಂತಿರುವಾಗ ಅವರ ಕಣ್ಣು ಗೋಡೆಗೆ ಪೇರಿಸಿಟ್ಟ ಸಬ್‌ವೂಫರ್ (ತಗ್ಗಿನ ಸ್ವರಗಳಿಗೆ, ಅಂದರೆ ಬಾಸ್‌ಗೆಂದೇ ಮಾಡಿದ ಸ್ಪೀಕರ್) ಪೆಟ್ಟಿಗೆಗಳ ಮೇಲೆ ಬೀಳುತ್ತದೆ. ಪೆಟ್ಟಿಗೆಯಲ್ಲಿ ಮೊದಲು ಕಾಣುವುದು ಕಂಪನಿಯ ಹೆಸರೂ ಅಲ್ಲ, ಸ್ಪೀಕರಿನ ಅಳತೆಯೂ ಅಲ್ಲ. ಅಂಗೈ ಅಗಲದ ಅಕ್ಷರದಲ್ಲಿ ಅಚ್ಚಾದ ವಾಟ್ ಸಂಖ್ಯೆ. ಒಂದರ ಮೇಲೆ 800, ಪಕ್ಕದ್ದರ ಮೇಲೆ 1300, ಅದರ ಮೇಲಿನದಕ್ಕೆ 2000. ಅಲ್ಲಿಂದ ಮುಂದಿನ ಮಾತೆಲ್ಲ ಆ ಸಂಖ್ಯೆಯ ಸುತ್ತಲೇ ನಡೆಯುತ್ತದೆ.

ನಾನೂ ಮೊದಲ ಸಲ ಹಾಗೆಯೇ ಕೊಂಡೆ. 1300 ವಾಟ್ ಎಂದು ಬರೆದಿದ್ದ 12 ಇಂಚಿನ ಸಬ್‌ವೂಫರ್ ಮತ್ತು 250 ವಾಟ್ ಎಂದಷ್ಟೇ ಬರೆದಿದ್ದ 10 ಇಂಚಿನದು ಹೆಚ್ಚುಕಡಿಮೆ ಒಂದೇ ಬೆಲೆಗೆ ಅಕ್ಕಪಕ್ಕ ಇದ್ದವು. ಅದೇ ದುಡ್ಡಿಗೆ ಐದು ಪಟ್ಟು ಸಿಗುತ್ತದೆಂದು ಲೆಕ್ಕ ಹಾಕಿ ದೊಡ್ಡ ಸಂಖ್ಯೆಯದನ್ನು ತಂದೆ. ಮನೆಗೆ ಬಂದು ಒಳಗಿದ್ದ ಕಾಗದವನ್ನು ಬಿಡಿಸಿ ನೋಡಿದಾಗ ಮೂರನೆಯ ಮಡಿಕೆಯಲ್ಲಿ ಸಣ್ಣ ಅಕ್ಷರದಲ್ಲಿ ‘ಆರ್‌ಎಂಎಸ್ 220 ವಾಟ್’ ಎಂದಿತ್ತು. ಸ್ಪೀಕರ್ ನಿರಂತರವಾಗಿ ತಾಳಬಲ್ಲ ಶಕ್ತಿ ಅದು. ನಾನು ಬಿಟ್ಟು ಬಂದ 250 ಎಂಬುದು ಆರ್‌ಎಂಎಸ್ ಲೆಕ್ಕವೇ ಆಗಿತ್ತು. ಅಂದರೆ ಕಡಿಮೆ ಸಾಮರ್ಥ್ಯದ್ದನ್ನೇ ಹೆಚ್ಚಿನದೆಂದು ನಂಬಿ ಆರಿಸಿದ್ದೆ. ಆ ವರ್ಷದ ಗಣಪತಿ ಹಬ್ಬ ಮುಗಿಯುವಷ್ಟರಲ್ಲಿ ಅದರೊಳಗಿನ ತಾಮ್ರದ ಸುರುಳಿ ಸುಟ್ಟಿತ್ತು. ಈ ಲೇಖನದಲ್ಲಿ ಹೇಳುವುದೆಲ್ಲ ಆಮೇಲೆ ಕಲಿತದ್ದು. ಕೊಳ್ಳುವ ಮೊದಲೇ ತಿಳಿದಿದ್ದರೆ ಎಷ್ಟೋ ಖರ್ಚು ಉಳಿಯುತ್ತಿತ್ತು.

ತೋಟಕ್ಕೆ ಪಂಪ್‌ಸೆಟ್ ತರುವಾಗ ನಮ್ಮವರು ಯಾರೂ ಎಚ್‌ಪಿ ಒಂದನ್ನೇ ಕೇಳಿ ಹಣ ಎಣಿಸುವುದಿಲ್ಲ. ಬಾವಿಯಿಂದ ತೋಟದ ತಲೆಗೆ ಎಷ್ಟು ಅಡಿ ಹೆಡ್, ಪೈಪ್ ಎರಡು ಇಂಚೋ ಎರಡೂವರೆಯೋ, ಲೈನಿನಲ್ಲಿ ವೋಲ್ಟೇಜ್ ಎಷ್ಟು ಬರುತ್ತದೆ ಎಂಬುದನ್ನೆಲ್ಲ ವಿಚಾರಿಸುತ್ತಾರೆ. ಏಕೆಂದರೆ ಬೇಕಾಗಿರುವುದು ಎಚ್‌ಪಿ ಅಲ್ಲ, ನೀರು. ಸಬ್‌ವೂಫರ್‌ನ ವಾಟ್ ಕೂಡ ಎಚ್‌ಪಿಯ ಹಾಗೆಯೇ. ಅದು ಒಳಗೆ ಹೋಗುವ ವಿದ್ಯುತ್ತಿನ ಮಾತು, ಹೊರಗೆ ಬರುವ ಸದ್ದಿನದಲ್ಲ. ಪಂಪಿನ ಮುಂದೆ ನಾವು ತೋರುವ ಎಚ್ಚರ ಸ್ಪೀಕರಿನ ಮುಂದೆ ಏಕೆ ತಪ್ಪುತ್ತದೆಂದರೆ, ನೀರನ್ನು ಕಣ್ಣಿನಿಂದ ಅಳೆಯಬಹುದು, ಬಾಸ್ ಅನ್ನು ಅಂಗಡಿಯಲ್ಲಿ ನಿಂತು ಅಳೆಯುವುದು ಕಷ್ಟ. ಅಳತೆಗೆ ಸಿಗದ ಕಡೆ ಸಂಖ್ಯೆಯೇ ಅಳತೆಗೋಲಿನ ಜಾಗದಲ್ಲಿ ಕೂರುತ್ತದೆ.

ಮೊದಲ ಕೆಲಸ: ಯಾವ ವಾಟ್ ಎಂದು ಕೇಳುವುದು

ಪೆಟ್ಟಿಗೆಯ ಮೇಲಿನ ದೊಡ್ಡ ಸಂಖ್ಯೆ ಸಾಮಾನ್ಯವಾಗಿ ‘ಮ್ಯಾಕ್ಸ್’ ಅಥವಾ ‘ಪೀಕ್’ ಪವರ್ ಆಗಿರುತ್ತದೆ. ಸ್ಪೀಕರ್ ಒಂದು ಕ್ಷಣದ ಮಟ್ಟಿಗೆ, ಸೆಕೆಂಡಿನ ಸಣ್ಣ ಭಾಗದಷ್ಟು ಹೊತ್ತು, ಹಾಳಾಗದೆ ತಾಳಿಕೊಳ್ಳಬಹುದೆಂದು ತಯಾರಕರು ಹೇಳುವ ಮಿತಿ ಅದು. ಒಂದೇ ಸಮನಾದ ಸೈನ್ ತರಂಗದಲ್ಲಿ ಕ್ಷಣದ ಗರಿಷ್ಠ ಶಕ್ತಿ ಸರಾಸರಿ ಶಕ್ತಿಯ ಸರಿಯಾಗಿ ಎರಡರಷ್ಟಿರುತ್ತದೆ. ಆದ್ದರಿಂದ ಪ್ರಾಮಾಣಿಕವಾಗಿ ಬರೆದ ಪೀಕ್ ಸಂಖ್ಯೆಯೂ ಆರ್‌ಎಂಎಸ್‌ನ ಇಮ್ಮಡಿ ಇರುವುದು ಸಹಜ. ಆದರೆ ಮೂರು, ನಾಲ್ಕು, ಆರು ಪಟ್ಟು ಎಂದು ಬರೆದರೆ ಅದಕ್ಕೆ ಎಲ್ಲರೂ ಒಪ್ಪಿದ ಅಳತೆಯ ಆಧಾರವಿಲ್ಲ. ಟೇಪ್ ರೆಕಾರ್ಡರ್‌ಗಳ ಕಾಲದಲ್ಲಿ ಅಂಗೈಯಷ್ಟಗಲದ ಸ್ಪೀಕರ್ ಇದ್ದ ಟೂ-ಇನ್-ಒನ್‌ಗಳ ಮೇಲೆ ‘ಪಿಎಂಪಿಒ’ ಎಂಬ ಹೆಸರಿನಲ್ಲಿ ನೂರಾರು ವಾಟ್ ಅಚ್ಚಾಗಿರುತ್ತಿದ್ದುದು ಐವತ್ತು ದಾಟಿದವರಿಗೆ ನೆನಪಿರಬಹುದು. ಇಂದಿನ ಮ್ಯಾಕ್ಸ್ ಪವರ್ ಅದೇ ಮನೆತನದ್ದು.

ಹೋಲಿಕೆಗೆ ಯೋಗ್ಯವಾದದ್ದು ಆರ್‌ಎಂಎಸ್, ಕೆಲವು ಕಡೆ ‘ಕಂಟಿನ್ಯುಯಸ್’ ಅಥವಾ ‘ನಾಮಿನಲ್’ ಎಂದು ಬರೆಯುವ ಸಂಖ್ಯೆ. ಸ್ಪೀಕರ್ ದೀರ್ಘಕಾಲ ಬಿಸಿಯನ್ನು ಹೊರಹಾಕುತ್ತ ತಾಳಬಲ್ಲ ಶಕ್ತಿ ಅದು. ಸ್ಪೀಕರಿಗೆ ಶಕ್ತಿ ಕೊಡುವ ಯಂತ್ರವಾದ ಆಂಪ್ಲಿಫೈಯರಿಗೆ ಸಂಬಂಧಿಸಿ ಅಮೆರಿಕದ ಎಲೆಕ್ಟ್ರಾನಿಕ್ಸ್ ತಯಾರಕರ ಸಂಘ 2003ರಲ್ಲಿ ಒಂದು ಮಾನದಂಡವನ್ನು ತಂದಿತು. ಆಗ ಸಿಇಎ-2006 ಎಂದಿದ್ದದ್ದು ಈಗ ಸಿಟಿಎ-2006. ಅದರ ಪ್ರಕಾರ ಶಕ್ತಿಯನ್ನು 14.4 ವೋಲ್ಟ್ ಪೂರೈಕೆಯಲ್ಲಿ, 4 ಓಮ್ (ಓಮ್ ಎಂದರೆ ವಿದ್ಯುತ್ ರೋಧದ ಅಳತೆ) ಹೊರೆಯ ಮೇಲೆ, ಶೇಕಡಾ 1ಕ್ಕೆ ಮೀರದ ವಿರೂಪದಲ್ಲಿ ಅಳೆದು ಹೇಳಬೇಕು. ಇದನ್ನು ಪಾಲಿಸುವುದು ತಯಾರಕರ ಇಚ್ಛೆಗೆ ಬಿಟ್ಟದ್ದು; ಪಾಲಿಸಿದವರು ಪೆಟ್ಟಿಗೆಯ ಮೇಲೆ ಗುರುತು ಹಾಕಿರುತ್ತಾರೆ. ಅಮೆರಿಕದಲ್ಲಿ ಮನೆಯ ಆಂಪ್ಲಿಫೈಯರ್‌ಗಳ ವಾಟ್ ಜಾಹೀರಾತಿಗೆ 1974ರಿಂದಲೇ ಸರ್ಕಾರಿ ನಿಯಮವಿದೆ, ಆದರೆ ಕಾರಿನವು ಅದರ ವ್ಯಾಪ್ತಿಗೆ ಬರುವುದಿಲ್ಲ. ಕಾರ್ ಆಡಿಯೋದಲ್ಲಿ ಸಂಖ್ಯೆಗಳು ಇಷ್ಟು ಸಡಿಲವಾಗಿ ಬೆಳೆದದ್ದಕ್ಕೆ ಇದೂ ಒಂದು ಕಾರಣವೆಂದು ನನ್ನ ಅಭಿಪ್ರಾಯ.

ಇಲ್ಲಿ ನನಗೆ ನಿಜವಾಗಿ ನೋವು ತರುವ ವಿಷಯವೊಂದಿದೆ. ನೇರವಾಗಿ 250 ಎಂದು ಬರೆಯುವ ತಯಾರಕ, 1300 ಎಂದು ಬರೆಯುವವನ ಪಕ್ಕದಲ್ಲಿ ಸೋಲುತ್ತಾನೆ. ಗ್ರಾಹಕ ಅವನನ್ನು ಪರೀಕ್ಷಿಸಿ ತಿರಸ್ಕರಿಸುವುದಿಲ್ಲ, ಸಂಖ್ಯೆ ಚಿಕ್ಕದೆಂದು ಕೈಗೆತ್ತಿಕೊಳ್ಳುವುದೇ ಇಲ್ಲ. ಮುಂದಿನ ವರ್ಷ ಅವನೂ ಪೆಟ್ಟಿಗೆಯನ್ನು ಬದಲಿಸಬೇಕಾಗುತ್ತದೆ. ಆದ್ದರಿಂದ ಅಂಗಡಿಯಲ್ಲಿ ‘ಇದರ ಆರ್‌ಎಂಎಸ್ ಎಷ್ಟು, ಎಲ್ಲಿ ಬರೆದಿದೆ ತೋರಿಸಿ’ ಎಂದು ಕೇಳುವುದು ನಿಮ್ಮೊಬ್ಬರ ಲಾಭದ ಮಾತು ಮಾತ್ರವಲ್ಲ. ಉತ್ತರ ಕಾಗದದಲ್ಲಿ ಎಲ್ಲಿಯೂ ಸಿಗದಿದ್ದರೆ ಆ ಪೆಟ್ಟಿಗೆಯನ್ನು ಅಲ್ಲಿಯೇ ಇಡಿ.

ಎರಡನೆಯದು: ಫ್ಯೂಸ್ ನೋಡುವುದು

ಆಂಪ್ಲಿಫೈಯರ್ ಅಥವಾ ಆಂಪ್ಲಿಫೈಯರ್ ಸೇರಿಯೇ ಬರುವ ಸಬ್‌ವೂಫರ್ ಆದರೆ ಕಾಗದವನ್ನೂ ನಂಬಬೇಕಿಲ್ಲ. ಪೆಟ್ಟಿಗೆಯಿಂದ ತೆಗೆಸಿ, ವೈರ್ ಜೋಡಿಸುವ ಬದಿಯನ್ನು ಬೆಳಕಿಗೆ ತಿರುಗಿಸಿ. ಅಲ್ಲಿ ಉಗುರಿನಷ್ಟಗಲದ ಪ್ಲಾಸ್ಟಿಕ್ ಫ್ಯೂಸ್ ಸಿಕ್ಕಿಸಿರುತ್ತಾರೆ. ತಲೆಯ ಮೇಲೆ ಆಂಪಿಯರ್ ಸಂಖ್ಯೆ ಕೊರೆದಿರುತ್ತದೆ, ಬಣ್ಣದಿಂದಲೂ ಗುರುತಿಸಬಹುದು. ನೀಲಿ 15, ಹಳದಿ 20, ಹಸಿರು 30. ಆ ಸಂಖ್ಯೆಯನ್ನು 14.4 ವೋಲ್ಟ್‌ನಿಂದ ಗುಣಿಸಿದರೆ ಆ ಯಂತ್ರ ಬ್ಯಾಟರಿಯಿಂದ ನಿರಂತರವಾಗಿ ಎಳೆಯಬಹುದಾದ ಶಕ್ತಿಯ ಮೇಲ್ಮಿತಿ ಸಿಗುತ್ತದೆ. ಎಳೆದದ್ದೆಲ್ಲ ಸ್ಪೀಕರಿಗೆ ಹೋಗುವುದಿಲ್ಲ. ಕ್ಲಾಸ್ ಡಿ ಆಂಪ್ಲಿಫೈಯರ್‌ಗಳಲ್ಲಿ ಸುಮಾರು ಶೇಕಡಾ 80, ಹಳೆಯ ಕ್ಲಾಸ್ ಎಬಿ ಮಾದರಿಯಲ್ಲಿ ಸುಮಾರು ಶೇಕಡಾ 60 ಎಂದು ಹಿಡಿಯಬಹುದು. ಉಳಿದದ್ದು ಬಿಸಿಯಾಗಿ ಹೋಗುತ್ತದೆ.

‘1500 ವಾಟ್’ ಎಂದು ಬರೆದ ಆಂಪ್ಲಿಫೈಯರಿನಲ್ಲಿ ಹಸಿರು ಬಣ್ಣದ ಒಂದೇ 30 ಆಂಪಿಯರ್ ಫ್ಯೂಸ್ ಇದೆಯೆನ್ನಿ. 30ನ್ನು 14.4ರಿಂದ ಗುಣಿಸಿದರೆ 432 ವಾಟ್. ಕ್ಲಾಸ್ ಡಿ ಆದರೆ ಸುಮಾರು 345, ಕ್ಲಾಸ್ ಎಬಿ ಆದರೆ ಸುಮಾರು 260 ವಾಟ್ ಹೊರಬರಬಹುದು. 1500 ವಾಟ್ ನಿಜವಾಗಿ ಕೊಡಬೇಕಾದರೆ, ಒಂದಿಷ್ಟೂ ಬಿಸಿಯಾಗಿ ಪೋಲಾಗದಿದ್ದರೂ, 104 ಆಂಪಿಯರ್ ಬೇಕು. ಸೀಟಿನ ಕೆಳಗೆ ಕೂರುವ ತೆಳ್ಳನೆಯ 8 ಇಂಚಿನ ಸಬ್‌ವೂಫರ್‌ಗಳಲ್ಲಿ ಹೆಚ್ಚಾಗಿ 15 ಆಂಪಿಯರ್‌ನ ನೀಲಿ ಫ್ಯೂಸ್ ಕಾಣುತ್ತದೆ. ಅದರಿಂದ 150ರಿಂದ 170 ವಾಟ್‌ಗಿಂತ ಹೆಚ್ಚು ನಿರೀಕ್ಷಿಸುವಂತಿಲ್ಲ, ಹೊರಗೆ 800 ಎಂದೇ ಬರೆದಿರಲಿ. ಕ್ಷಣಿಕವಾಗಿ ಫ್ಯೂಸ್ ತನ್ನ ಮಿತಿಗಿಂತ ಹೆಚ್ಚು ಕರೆಂಟ್ ಹರಿಯಗೊಡುತ್ತದೆ ನಿಜ, ಆದರೆ ನಿರಂತರ ಶಕ್ತಿಯ ಲೆಕ್ಕ ಇದೇ. ದೊಡ್ಡ ಆಂಪ್ಲಿಫೈಯರ್‌ಗಳಲ್ಲಿ ಮೈಮೇಲೆ ಫ್ಯೂಸ್ ಇರುವುದಿಲ್ಲ. ಅವುಗಳ ಕೈಪಿಡಿಯಲ್ಲಿ ಎಷ್ಟು ಆಂಪಿಯರ್ ಫ್ಯೂಸ್ ಹಾಕಬೇಕೆಂದು ಹೇಳಿರುತ್ತಾರೆ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಈ ಗುಣಾಕಾರವನ್ನು ಮೊಬೈಲಿನಲ್ಲಿ ಮಾಡಲು ಅರ್ಧ ನಿಮಿಷ ಸಾಕು. ಇದೊಂದನ್ನು ಮಾಡಿದರೆ ದೊಡ್ಡ ಸಂಖ್ಯೆ ಮನಸ್ಸಿನ ಮೇಲೆ ಹಿಡಿದಿದ್ದ ಪಟ್ಟು ಬಹಳಷ್ಟು ಸಡಿಲವಾಗುತ್ತದೆ.

ಮೂರನೆಯದು: ವಾಟ್‌ನಿಂದ ಸದ್ದಿಗೆ ಬರುವುದು

ಆರ್‌ಎಂಎಸ್ ನಿಜವೇ ಇದ್ದರೂ ಅದರಿಂದ ಸದ್ದು ತಿಳಿಯುವುದಿಲ್ಲ. ಕಿವಿಯ ಲೆಕ್ಕ ವಾಟ್‌ನ ಲೆಕ್ಕದ ಹಾಗೆ ನೇರವಾಗಿ ಏರುವುದಿಲ್ಲ. ಶಕ್ತಿಯನ್ನು ಇಮ್ಮಡಿ ಮಾಡಿದರೆ ಸದ್ದು 3 ಡೆಸಿಬೆಲ್ ಮಾತ್ರ ಏರುತ್ತದೆ. ಗಮನವಿಟ್ಟು ಕೇಳಿದರೆ ಗೊತ್ತಾಗುವ ಏರಿಕೆ ಅದು, ಅಷ್ಟೇ. ಸದ್ದು ಎರಡರಷ್ಟಾಯಿತೆಂದು ಅನಿಸಲು ಸುಮಾರು 10 ಡೆಸಿಬೆಲ್ ಬೇಕು, ಅದಕ್ಕೆ ಶಕ್ತಿ ಹತ್ತು ಪಟ್ಟಾಗಬೇಕು. 250 ವಾಟ್‌ನ ಬದಲು 500 ವಾಟ್‌ಗೆ ದುಡ್ಡು ಹೆಚ್ಚು ಕೊಡುವವರು ಮನಸ್ಸಿನಲ್ಲಿ ಇಮ್ಮಡಿ ಸದ್ದನ್ನು ಕೊಳ್ಳುತ್ತಿರುತ್ತಾರೆ; ಕೈಗೆ ಸಿಗುವುದು 3 ಡೆಸಿಬೆಲ್.

ಆದ್ದರಿಂದ ವಾಟ್ ಜೊತೆಗೆ ನೋಡಲೇಬೇಕಾದ ಸಂಖ್ಯೆ ‘ಸೆನ್ಸಿಟಿವಿಟಿ’. ಒಂದು ವಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಸದ್ದು ಬರುತ್ತದೆ ಎಂಬುದು ಅದು. ಒಂದು ಸಬ್‌ವೂಫರ್ 84 ಡೆಸಿಬೆಲ್ ಸೆನ್ಸಿಟಿವಿಟಿ, 500 ವಾಟ್ ಆರ್‌ಎಂಎಸ್ ಇದೆ ಎನ್ನೋಣ. ಇನ್ನೊಂದು 88 ಡೆಸಿಬೆಲ್, 250 ವಾಟ್. 500 ವಾಟ್ ಎಂದರೆ ಒಂದು ವಾಟ್‌ಗಿಂತ 27 ಡೆಸಿಬೆಲ್ ಮೇಲೆ, 250 ಎಂದರೆ 24 ಡೆಸಿಬೆಲ್ ಮೇಲೆ. ಕೂಡಿದರೆ ಮೊದಲನೆಯದು 111, ಎರಡನೆಯದು 112. ಅರ್ಧ ಶಕ್ತಿಯದೇ ಒಂದು ಡೆಸಿಬೆಲ್ ಮುಂದಿದೆ, ಅದಕ್ಕೆ ಬೇಕಾದ ಆಂಪ್ಲಿಫೈಯರ್, ವೈರ್, ಬ್ಯಾಟರಿ ಎಲ್ಲವೂ ಅಗ್ಗ. ಪಂಪಿನ ಭಾಷೆಯಲ್ಲಿ ಹೇಳುವುದಾದರೆ ಕಡಿಮೆ ಎಚ್‌ಪಿಯಲ್ಲಿ ಹೆಚ್ಚು ನೀರು.

ಇಲ್ಲಿಯೂ ಒಂದು ಎಚ್ಚರ ಬೇಕು. ಕೆಲವರು ಸೆನ್ಸಿಟಿವಿಟಿಯನ್ನು ಒಂದು ವಾಟ್‌ಗೆ ಹೇಳದೆ 2.83 ವೋಲ್ಟ್‌ಗೆ ಹೇಳುತ್ತಾರೆ. 8 ಓಮ್‌ನಲ್ಲಿ ಎರಡೂ ಒಂದೇ. ಆದರೆ 4 ಓಮ್ ಸ್ಪೀಕರಿಗೆ 2.83 ವೋಲ್ಟ್ ಎಂದರೆ ಎರಡು ವಾಟ್, 2 ಓಮ್‌ಗೆ ನಾಲ್ಕು ವಾಟ್. ಹೋಲಿಸುವ ಮುನ್ನ 4 ಓಮ್‌ನದರಲ್ಲಿ 3, 2 ಓಮ್‌ನದರಲ್ಲಿ 6 ಡೆಸಿಬೆಲ್ ಕಳೆಯಿರಿ.

ಇದೆಲ್ಲ ಏಕೆ ಹೀಗೆ ಎಂಬುದಕ್ಕೆ ಕಾರಣ ಸರಳ. ಸಬ್‌ವೂಫರ್‌ಗೆ ಹೋಗುವ ವಿದ್ಯುತ್ತಿನಲ್ಲಿ ಸದ್ದಾಗುವುದು ಶೇಕಡಾ ಒಂದಕ್ಕಿಂತಲೂ ಕಡಿಮೆ. ಉಳಿದದ್ದೆಲ್ಲ ಅಯಸ್ಕಾಂತದ ಸಂದಿಯಲ್ಲಿ ಓಡಾಡುವ ತಾಮ್ರದ ಸುರುಳಿಯನ್ನು ಕಾಯಿಸುತ್ತದೆ. ಹಾಗಾಗಿ ಸ್ಪೀಕರಿನ ವಾಟ್ ಎಂಬುದು ಮುಖ್ಯವಾಗಿ ‘ಇಷ್ಟು ಬಿಸಿಯವರೆಗೆ ಸುಡುವುದಿಲ್ಲ’ ಎಂಬ ಮಾತು. ಸುರುಳಿ 200 ಡಿಗ್ರಿಗೆ ಕಾದಾಗ ತಾಮ್ರದ ರೋಧ ಸುಮಾರು 1.7 ಪಟ್ಟಾಗಿರುತ್ತದೆ, ಆಗ ಅದೇ ಆಂಪ್ಲಿಫೈಯರಿನಿಂದ ಅದು ಎಳೆದುಕೊಳ್ಳುವ ಶಕ್ತಿಯೂ ಇಳಿಯುತ್ತದೆ. ಘಾಟಿ ಹತ್ತುವಷ್ಟು ಹೊತ್ತು ಜೋರಾಗಿ ಹಾಕಿದ ಮೇಲೆ ಬಾಸ್ ಮಂಕಾದಂತೆ ಅನಿಸುವುದು ಕಿವಿಯ ದಣಿವಿನಿಂದ ಮಾತ್ರವಲ್ಲ.

ನಾಲ್ಕನೆಯದು: ಕೋನ್, ಡಬ್ಬಿ ಮತ್ತು ನಮ್ಮ ಮಳೆ

ತಗ್ಗಿನ ಸ್ವರಗಳಲ್ಲಿ ಸುರುಳಿ ಸುಡುವುದಕ್ಕಿಂತ ಮೊದಲೇ ಕೋನ್‌ನ (ಹಿಂದೆಮುಂದೆ ಆಡಿ ಸದ್ದು ಹೊರಡಿಸುವ ಭಾಗ) ಓಡಾಟದ ಮಿತಿ ಮುಗಿಯುತ್ತದೆ. ಸ್ವರ ಒಂದು ಆಕ್ಟೇವ್ ಕೆಳಗಿಳಿದರೆ, ಅಂದರೆ 60 ಹರ್ಟ್ಸ್‌ನಿಂದ 30ಕ್ಕೆ ಬಂದರೆ, ಅಷ್ಟೇ ಸದ್ದಿಗೆ ಕೋನ್ ನಾಲ್ಕು ಪಟ್ಟು ಹೆಚ್ಚು ಚಲಿಸಬೇಕು. ಎಷ್ಟು ಮಿಲಿಮೀಟರ್‌ವರೆಗೆ ಚಲಿಸಿದರೆ ಸದ್ದು ಕೆಡುವುದಿಲ್ಲ ಎಂಬುದನ್ನು ‘ಎಕ್ಸ್‌ಮ್ಯಾಕ್ಸ್’ ಎಂದು ಬರೆದಿರುತ್ತಾರೆ. ಆಸ್ಟ್ರೇಲಿಯದಲ್ಲಿ ಕೆಲಸ ಮಾಡಿದ ನೆವಿಲ್ ಥೀಲ್ ಮತ್ತು ರಿಚರ್ಡ್ ಸ್ಮಾಲ್ ಅವರ ಹೆಸರಿನ ಅಳತೆಗಳ ಪಟ್ಟಿ ಕೈಪಿಡಿಯಲ್ಲಿದ್ದರೆ, ಸ್ಪೀಕರ್ ಕೂರಿಸುವ ಡಬ್ಬಿ ಮಾಡುವವರು ಆ ಸ್ಪೀಕರಿಗೆ ಎಷ್ಟು ಲೀಟರ್ ಜಾಗ ಬೇಕೆಂದು ನಿಖರವಾಗಿ ಲೆಕ್ಕ ಹಾಕಬಲ್ಲರು. ನನ್ನ ಮಟ್ಟಿಗೆ ಆ ಪಟ್ಟಿಯಿಲ್ಲದ ಸಬ್‌ವೂಫರ್ ಕೊಳ್ಳಲು ಯೋಗ್ಯವಲ್ಲ. ಪಟ್ಟಿಯೇ ಇಲ್ಲದಿದ್ದರೆ ಡಬ್ಬಿಯ ಅಳತೆ ಊಹೆಯಾಗುತ್ತದೆ. ಊಹೆಯ ಡಬ್ಬಿಯಲ್ಲಿ ಎಷ್ಟು ವಾಟ್ ಸುರಿದರೂ ಗುಂಯ್ ಎಂಬ ಒಂದೇ ಸ್ವರ ಮರಳಿ ಬರುತ್ತದೆ.

ಮುಚ್ಚಿದ ಡಬ್ಬಿ ಚಿಕ್ಕದು, ಹದ್ದುಬಸ್ತಿನ ಬಾಸ್ ಕೊಡುತ್ತದೆ. ಕೊಳವೆಯಿರುವ ಪೋರ್ಟೆಡ್ ಡಬ್ಬಿ ದೊಡ್ಡದು, ಅದೇ ವಾಟ್‌ಗೆ ಕೊಳವೆಯ ಸ್ವರದ ಆಸುಪಾಸಿನಲ್ಲಿ ಹೆಚ್ಚು ಸದ್ದು ಕೊಡುತ್ತದೆ, ಆದರೆ ಆ ಸ್ವರಕ್ಕಿಂತ ಕೆಳಗೆ ಕೋನ್‌ಗೆ ಕಡಿವಾಣ ಇರುವುದಿಲ್ಲ; ಆಂಪ್ಲಿಫೈಯರಿನಲ್ಲಿ ಅತಿ ತಗ್ಗಿನ ಸ್ವರಗಳನ್ನು ತಡೆಯುವ ಸಬ್‌ಸಾನಿಕ್ ಫಿಲ್ಟರ್ ಇಲ್ಲದೆ ಅದನ್ನು ಬಳಸಬಾರದು. ಸಣ್ಣ ಹ್ಯಾಚ್‌ಬ್ಯಾಕ್‌ನ ಮುಚ್ಚಿದ ಒಳಾಂಗಣವೇ ತಗ್ಗಿನ ಸ್ವರಗಳನ್ನು ಏರಿಸಿಕೊಡುವುದರಿಂದ ಅಲ್ಲಿ ಮುಚ್ಚಿದ ಡಬ್ಬಿಯ 10 ಇಂಚು ಬಹಳ ಮಂದಿಗೆ ಧಾರಾಳ.

ಮಲೆನಾಡಿನವರು ಇಲ್ಲಿ ಇನ್ನೊಂದು ಲೆಕ್ಕ ಸೇರಿಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರಿನ ಡಿಕ್ಕಿ ಒಣಗುವುದೇ ಇಲ್ಲ. ಒದ್ದೆ ಕೊಡೆ, ಗಂಬೂಟು, ರೇನ್‌ಕೋಟು ಎಲ್ಲ ಅಲ್ಲಿಯೇ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆಯ ಡಬ್ಬಿ ತಳದ ಅಂಚಿನಿಂದ ನೀರು ಹೀರಿ ಒಂದೆರಡು ಮಳೆಗಾಲದಲ್ಲಿ ನೆನೆದ ರಟ್ಟಿನಂತೆ ಉಬ್ಬುತ್ತದೆ, ಮೊಳೆ ಹಿಡಿಯುವುದಿಲ್ಲ, ಗಾಳಿ ಸೋರಿ ಬಾಸ್ ಸಡಿಲವಾಗುತ್ತದೆ. ಮರೈನ್ ಪ್ಲೈವುಡ್‌ನಲ್ಲಿ ಮಾಡಿಸಿ, ತಳಕ್ಕೆ ರಬ್ಬರ್ ಕಾಲು ಹಾಕಿಸಿ. ಕೋನ್ ಪಾಲಿಪ್ರೊಪಿಲೀನ್ ಅಥವಾ ಲೇಪನವಿರುವ ಕಾಗದದ್ದಾಗಿರಲಿ, ಸುತ್ತಲಿನ ಅಂಚು ಫೋಮ್‌ಗಿಂತ ರಬ್ಬರ್ ಇದ್ದರೆ ಬಾಳಿಕೆ. ಸೀಟಿನ ಕೆಳಗಿನ ಮಾದರಿ ಹಾಕುವವರು ಮ್ಯಾಟ್‌ನ ಕೆಳಗೆ ನೀರು ನಿಲ್ಲುತ್ತದೆಯೇ ಎಂದು ಕೈಹಾಕಿ ನೋಡಿಕೊಳ್ಳಬೇಕು. 300 ವಾಟ್‌ನ ಬದಲು 500 ವಾಟ್‌ಗೆ ಕೊಡುವ ಹೆಚ್ಚಿನ ಹಣವನ್ನು ಈ ಡಬ್ಬಿಗೆ ಹಾಕಿದರೆ ಸಿಗುವ ಫಲ ಎಷ್ಟೋ ಮಿಗಿಲು.

ಐದನೆಯದು: ಕಾರು ಕೊಡಬಲ್ಲ ಕರೆಂಟ್

ಸಣ್ಣ ಕಾರುಗಳಲ್ಲಿ ಕರೆಂಟ್ ತಯಾರಿಸುವ ಆಲ್ಟರ್ನೇಟರ್ ಸಾಮಾನ್ಯವಾಗಿ 65ರಿಂದ 90 ಆಂಪಿಯರ್‌ನದು. ಅದೂ ಎಂಜಿನ್ ಓಡುತ್ತಿರುವಾಗ. ಐಡಲ್‌ನಲ್ಲಿ ಪೂರ್ಣ ಕರೆಂಟ್ ಬರುವುದಿಲ್ಲ. ಜುಲೈ ತಿಂಗಳ ಸಂಜೆ ಆಗುಂಬೆ ಘಾಟಿಯ ತಿರುವುಗಳಲ್ಲಿ ಮಂಜಿನ ನಡುವೆ ಒಂದನೆಯ ಗೇರಿನಲ್ಲಿ ತೆವಳುತ್ತಿರುವ ಕಾರನ್ನು ನೆನೆಸಿಕೊಳ್ಳಿ. ಹೆಡ್‌ಲೈಟ್, ಫಾಗ್ ಲ್ಯಾಂಪ್, ವೈಪರ್, ಬ್ಲೋವರ್, ಹಿಂದಿನ ಗಾಜಿನ ಡೀಫಾಗರ್ ಎಲ್ಲವೂ ಒಟ್ಟಿಗೆ ಓಡುತ್ತಿರುತ್ತವೆ. ಅವೇ 30ರಿಂದ 40 ಆಂಪಿಯರ್ ತಿನ್ನುತ್ತವೆ. ಉಳಿದದ್ದರಲ್ಲಿ ಬ್ಯಾಟರಿಗೂ ಚಾರ್ಜ್ ಆಗಬೇಕು. 300 ವಾಟ್‌ನ ಕ್ಲಾಸ್ ಡಿ ಆಂಪ್ಲಿಫೈಯರ್ ಪೂರ್ಣ ಸದ್ದಿನಲ್ಲಿ ಸುಮಾರು 26 ಆಂಪಿಯರ್ ಎಳೆಯುತ್ತದೆ. ಸಂಗೀತದಲ್ಲಿ ಬಾಸ್ ಬಂದು ಬಂದು ಹೋಗುವುದರಿಂದ ಸರಾಸರಿ ಇದಕ್ಕಿಂತ ಬಹಳ ಕಡಿಮೆ, ಆದ್ದರಿಂದ 300 ವಾಟ್ ನಡೆಯುತ್ತದೆ. ನಿಜವಾದ 1000 ವಾಟ್ ಹಾಕಿಸಿದರೆ ಬಾಸ್ ಹೊಡೆದಾಗಲೆಲ್ಲ ಹೆಡ್‌ಲೈಟ್ ಮಂಕಾಗುವುದನ್ನು ಘಾಟಿಯಲ್ಲಿಯೇ ಕಾಣುವಿರಿ.

ಅಂದರೆ ಸುಳ್ಳು ಸಂಖ್ಯೆಯಷ್ಟೇ ಅಲ್ಲ, ದೊಡ್ಡದಾದ ನಿಜ ಸಂಖ್ಯೆಯೂ ನಿಮ್ಮ ಕಾರಿಗೆ ಹೊಂದದಿರಬಹುದು. ಎಂಜಿನ್ ಆರಿಸಿ ಕೇಳುವವರು ಇನ್ನೊಂದನ್ನು ನೆನಪಿಡಬೇಕು: 14.4 ವೋಲ್ಟ್‌ನಲ್ಲಿ ಅಳೆದ 300 ವಾಟ್, ಬ್ಯಾಟರಿಯ 12.6 ವೋಲ್ಟ್‌ನಲ್ಲಿ ಬಹುತೇಕ ಆಂಪ್ಲಿಫೈಯರ್‌ಗಳಲ್ಲಿ 230ರ ಹತ್ತಿರಕ್ಕೆ ಇಳಿಯುತ್ತದೆ.

ವೈರ್ ವಿಷಯದಲ್ಲಿ ಚೌಕಾಸಿ ಬೇಡ. ಬ್ಯಾಟರಿಯಿಂದ ಡಿಕ್ಕಿಯವರೆಗೆ 300 ವಾಟ್‌ಗೆ 8 ಗೇಜ್ ಶುದ್ಧ ತಾಮ್ರ, 500 ದಾಟಿದರೆ 4 ಗೇಜ್ (ಗೇಜ್ ಸಂಖ್ಯೆ ಇಳಿದಷ್ಟೂ ವೈರ್ ದಪ್ಪ). ತುದಿಯ ಎಳೆಯನ್ನು ಚಾಕುವಿನಿಂದ ಕೆರೆದು ನೋಡಿ. ಮೇಲೆ ತಾಮ್ರದ ಬಣ್ಣವಿದ್ದು ಒಳಗೆ ಬೆಳ್ಳಗಿದ್ದರೆ ಅದು ತಾಮ್ರ ಹೊದೆಸಿದ ಅಲ್ಯೂಮಿನಿಯಂ. ಅದೇ ಕರೆಂಟಿಗೆ ಅದು ಇನ್ನೂ ದಪ್ಪ ಇರಬೇಕಾಗುತ್ತದೆ, ನಮ್ಮ ತೇವದಲ್ಲಿ ಬೇಗ ಕಿಲುಬು ಹಿಡಿಯುತ್ತದೆ. ಮುಖ್ಯ ಫ್ಯೂಸ್ ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಇರಲೇಬೇಕು. ಏಕೆಂದರೆ ಈ ಫ್ಯೂಸ್ ಇರುವುದು ಆಂಪ್ಲಿಫೈಯರನ್ನು ಕಾಪಾಡಲು ಅಲ್ಲ, ವೈರ್ ಉಜ್ಜಿ ಕಾರಿನ ಲೋಹದ ಮೈಗೆ ತಾಗಿದಾಗ ಬೆಂಕಿ ಹಿಡಿಯದಂತೆ ತಡೆಯಲು. ತೋಟದ ಮನೆಗಳಲ್ಲಿ ಕಾರು ನಿಲ್ಲಿಸುವವರಿಗೆ ಇಲಿಗಳ ಕಾಟ ಹೇಳಬೇಕಿಲ್ಲ. ಇಡೀ ಉದ್ದಕ್ಕೂ ಗಟ್ಟಿ ಸ್ಲೀವ್ ಹಾಕಿಸಿ.

ಆರನೆಯದು: ಸ್ಪೀಕರಿಗೂ ಆಂಪ್ಲಿಫೈಯರಿಗೂ ಜೋಡಿ ಹೊಂದಿಸುವುದು

ಪೆಟ್ಟಿಗೆಯ ಸಂಖ್ಯೆ ಮಾಡುವ ಅತಿ ದೊಡ್ಡ ಹಾನಿ ಈ ಹಂತದಲ್ಲಿ ಆಗುತ್ತದೆ. 1300 ವಾಟ್‌ನ ಸಬ್‌ವೂಫರ್ ತಂದವರು ಅದಕ್ಕೆ ಸರಿಸಾಟಿಯಾಗಲೆಂದು 1500 ವಾಟ್‌ನ ಆಂಪ್ಲಿಫೈಯರ್ ಕೇಳುತ್ತಾರೆ. ನಿಜದಲ್ಲಿ 220 ವಾಟ್‌ನ ಸ್ಪೀಕರಿಗೆ 260 ವಾಟ್‌ನ ಆಂಪ್ಲಿಫೈಯರ್ ಜೋಡಿಯಾದರೆ ಅದೃಷ್ಟ. ಹಾಗಾಗದೆ ಆಂಪ್ಲಿಫೈಯರ್ ಮಾತ್ರ ಪ್ರಾಮಾಣಿಕ ಕಂಪನಿಯದಾದರೆ ಸ್ಪೀಕರ್ ಆ ರಾತ್ರಿಯೇ ಸುಡುತ್ತದೆ. ಇನ್ನು ಕೆಲವರಿಗೆ 500 ವಾಟ್ ಸ್ಪೀಕರಿಗೆ 200 ವಾಟ್ ಆಂಪ್ಲಿಫೈಯರ್ ಹಾಕಿದರೆ ಸ್ಪೀಕರ್ ಕೆಡುತ್ತದೆಂಬ ಭಯ. ಕಡಿಮೆ ವಾಟ್‌ನಿಂದ ಸ್ಪೀಕರ್ ಕೆಡುವುದಿಲ್ಲ. ಸದ್ದು ಕಡಿಮೆ, ಅಷ್ಟೇ. ಸಾಲದೆಂದು ಗೇನ್ ತಿರುಪನ್ನು (ಒಳಬರುವ ಸಂಕೇತವನ್ನು ಎಷ್ಟು ಹಿಗ್ಗಿಸಬೇಕೆಂದು ನಿರ್ಧರಿಸುವುದು) ಕೊನೆಯವರೆಗೆ ತಿರುಗಿಸಿದಾಗ ಆಂಪ್ಲಿಫೈಯರ್ ತರಂಗದ ತಲೆ ಕತ್ತರಿಸಲು ಶುರುಮಾಡುತ್ತದೆ. ಕ್ಲಿಪ್ಪಿಂಗ್ ಎಂದರೆ ಅದೇ. ಪೂರ್ತಿ ಕತ್ತರಿಸಿದ ಚೌಕ ತರಂಗದಲ್ಲಿ ಅದೇ ಆಂಪ್ಲಿಫೈಯರಿನಿಂದ ಇಮ್ಮಡಿಯವರೆಗೆ ಶಕ್ತಿ ಹೊರಬರಬಹುದು, ಸುರುಳಿಗೆ ಉಸಿರಾಡಲು ಬಿಡುವೇ ಸಿಗುವುದಿಲ್ಲ.

ನನ್ನ ಮೊದಲ ಸಬ್‌ವೂಫರ್ ಹೋದದ್ದು ಹೀಗೆಯೇ. ಡಿಕ್ಕಿ ತೆರೆದಾಗ ಸುಟ್ಟ ವಾರ್ನಿಷ್‌ನ ಒಗರು ವಾಸನೆ ಬಂತು. ಎರಡೂ ಅಂಗೈಗಳಿಂದ ಕೋನ್‌ನ ನಡುಭಾಗವನ್ನು ಮೆಲ್ಲನೆ ಒತ್ತಿದರೆ ಒಳಗೆ ಮರಳು ಸೇರಿದಂತೆ ಕರಕರ ಉಜ್ಜುತ್ತಿತ್ತು. ಬಿಚ್ಚಿಸಿ ನೋಡಿದಾಗ ತಾಮ್ರದ ಎಳೆಗಳು ಕಪ್ಪಾಗಿ ಸುರುಳಿಯಿಂದ ಬಿಟ್ಟುಕೊಂಡಿದ್ದವು. ಹಳೆಯ ಸಬ್‌ವೂಫರ್ ಕೊಳ್ಳುವವರು ಇದೇ ರೀತಿ ಒತ್ತಿ ನೋಡಿ, ಮೂಗನ್ನೂ ಹತ್ತಿರ ತನ್ನಿ.

ಹೊಂದಿಸುವ ನಿಯಮ ಇಷ್ಟು: ಸ್ಪೀಕರಿನ ಆರ್‌ಎಂಎಸ್ ಮತ್ತು ಆಂಪ್ಲಿಫೈಯರಿನ ಆರ್‌ಎಂಎಸ್ ಒಂದೇ ಓಮ್‌ನಲ್ಲಿ ಹತ್ತಿರ ಹತ್ತಿರ ಇರಲಿ. ಎರಡು ಸುರುಳಿಗಳಿರುವ 4 ಓಮ್ ಸ್ಪೀಕರನ್ನು ಸಮಾನಾಂತರವಾಗಿ ಜೋಡಿಸಿದರೆ 2 ಓಮ್, ಸರಣಿಯಲ್ಲಿ ಜೋಡಿಸಿದರೆ 8 ಓಮ್ ಆಗುತ್ತದೆ. ಆಂಪ್ಲಿಫೈಯರ್ 2 ಓಮ್‌ನಲ್ಲಿ ಕೊಡುವ ಸಂಖ್ಯೆಯನ್ನೇ ಮುಖಪುಟದಲ್ಲಿ ಬರೆದಿದ್ದರೆ, 4 ಓಮ್‌ನಲ್ಲಿ ಅದು ಅರ್ಧದ ಆಸುಪಾಸಿಗೆ ಇಳಿಯುವುದನ್ನು ಕೈಪಿಡಿಯಲ್ಲಿ ನೋಡಿಕೊಳ್ಳಿ.

ಜೋಡಿಸಿದ ಮೇಲೆ ಗೇನ್ ಕೂರಿಸಲು ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ಸ್ಪೀಕರ್ ವೈರ್ ಬಿಚ್ಚಿ, ಬಾಸ್ ಬೂಸ್ಟ್ ಮತ್ತು ಈಕ್ವಲೈಸರ್‌ಗಳನ್ನು ಸೊನ್ನೆಗೆ ತಂದು, ಎಂಜಿನ್ ಚಾಲೂ ಇಟ್ಟು, 50 ಹರ್ಟ್ಸ್‌ನ ಪರೀಕ್ಷಾ ಸ್ವರವನ್ನು ಸ್ಟೀರಿಯೋದ ಮುಕ್ಕಾಲು ವಾಲ್ಯೂಮಿನಲ್ಲಿ ಹಾಕಿ. ಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ ಆಂಪ್ಲಿಫೈಯರಿನ ಸ್ಪೀಕರ್ ತುದಿಗಳಿಗೆ ಹಿಡಿಯಿರಿ. ಬೇಕಾದ ವಾಟ್ ಅನ್ನು ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆದರೆ ಸಿಗುವ ವೋಲ್ಟ್ ಬರುವವರೆಗೆ ಗೇನ್ ಏರಿಸಿ ನಿಲ್ಲಿಸಿ. 250 ವಾಟ್, 4 ಓಮ್ ಆದರೆ 31.6 ವೋಲ್ಟ್, 300 ವಾಟ್, 2 ಓಮ್ ಆದರೆ 24.5. ಆಮೇಲೆ ಆ ತಿರುಪನ್ನು ಮುಟ್ಟಬೇಡಿ. ಅಂಗಡಿಯವರು ಕಿವಿಯಿಂದ ಕೂರಿಸುತ್ತೇನೆ ಎಂದರೂ ಮೀಟರ್ ಹಿಡಿಯಲು ಕೇಳಿಕೊಳ್ಳಿ. ಹತ್ತು ನಿಮಿಷದ ಕೆಲಸ.

ಕೊನೆಯದು: ಅಂಗಡಿಯಲ್ಲಿ ಕೇಳುವ ರೀತಿ, ಬಿಲ್ಲು

ಎರಡು ಸಬ್‌ವೂಫರ್ ಹೋಲಿಸುವಾಗ ಒಂದು ಸ್ವಲ್ಪವೇ ಜೋರಾಗಿದ್ದರೂ ಅದೇ ಉತ್ತಮವೆಂದು ಕಿವಿ ತೀರ್ಪು ಕೊಡುತ್ತದೆ. ಎರಡರ ಸದ್ದನ್ನೂ ಮೊದಲು ಸಮಕ್ಕೆ ತರಲು ಹೇಳಿ. ಮೊಬೈಲಿನ ಸೌಂಡ್ ಮೀಟರ್ ಆ್ಯಪ್ ಬಾಸ್‌ನಲ್ಲಿ ಅಷ್ಟು ನಿಖರವಲ್ಲದಿದ್ದರೂ ಒಂದೇ ಮೊಬೈಲನ್ನು ಒಂದೇ ಜಾಗದಲ್ಲಿಟ್ಟು ಹೋಲಿಸಲು ಸಾಕಾಗುತ್ತದೆ. ಅಂಗಡಿಯವರ ಡೆಮೊ ಹಾಡು ಬೇಡ, ನೀವು ನೂರು ಸಲ ಕೇಳಿದ ಧ್ವನಿಮುದ್ರಣ ಒಯ್ಯಿರಿ. ನಾನು ಒಯ್ಯುವುದು ಡೊಳ್ಳು ಕುಣಿತದ ಒಂದು ಮುದ್ರಣ. ಯಕ್ಷಗಾನದ ಚಂಡೆ ಈ ಪರೀಕ್ಷೆಗೆ ಬರುವುದಿಲ್ಲ. ಅದರ ಪೆಟ್ಟಿನ ಕಸುವು ಮೇಲಿನ ಸ್ವರಗಳಲ್ಲಿದೆ, ಬಾಗಿಲಿನ ಸ್ಪೀಕರ್‌ಗಳೇ ಅದನ್ನು ಕೊಡುತ್ತವೆ. ಚಂಡೆ, ಭಾಗವತಿಕೆಯನ್ನೇ ಹೆಚ್ಚಾಗಿ ಕೇಳುವವರು ಸಬ್‌ವೂಫರ್‌ನ ಹಣವನ್ನು ಒಳ್ಳೆಯ ಬಾಗಿಲಿನ ಸ್ಪೀಕರಿಗೆ ಹಾಕುವುದು ಲೇಸು. ಡೊಳ್ಳಿನಲ್ಲಿ ಕೋಲಿನ ಪೆಟ್ಟೂ ಕೈಯ ಪೆಟ್ಟೂ ಬೇರೆ ಬೇರೆಯಾಗಿ, ಒಂದರ ಬಾಲ ಇನ್ನೊಂದರ ಮೇಲೆ ಬೀಳದೆ ಕೇಳಿಸಬೇಕು. ಹತ್ತು ಜನ ಒಟ್ಟಿಗೆ ಬಡಿದಾಗಲೂ ಪ್ರತಿ ಪೆಟ್ಟು ಬಂದು ನಿಲ್ಲಬೇಕು. ಎಲ್ಲವೂ ಒಂದೇ ಗುಂಗಾಗಿ ಕಲಸಿಹೋದರೆ ಆ ಡಬ್ಬಿ ಸರಿಯಿಲ್ಲ, ವಾಟ್ ಎಷ್ಟೇ ಇರಲಿ. ಕಾರಿನ ಬಾಗಿಲುಗಳನ್ನು ಮುಚ್ಚಿ, ಓಡಿಸುವ ಸೀಟಿನಲ್ಲಿ ಕೂತು ಕೇಳಿ. ತೆರೆದ ಬಾಗಿಲಿನ ಎದುರು ನಿಂತು ಕೇಳಿದ ಬಾಸ್ ನಿಮ್ಮ ಕಾರಿನದಲ್ಲ.

ಜೋರಿನ ಮಿತಿಯನ್ನೂ ಮನಸ್ಸಿನಲ್ಲಿಡಿ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ. ಆಸ್ಪತ್ರೆ, ಶಾಲೆ, ನ್ಯಾಯಾಲಯದ ಸುತ್ತ 100 ಮೀಟರ್ ನಿಶ್ಶಬ್ದ ವಲಯವಾಗಬಹುದು. ತಗ್ಗಿನ ಸ್ವರಗಳು ಗೋಡೆ ದಾಟಿ ಪಕ್ಕದ ಮನೆಯ ಮಂಚದವರೆಗೆ ಹೋಗುತ್ತವೆ.

ಹಣ ಕೊಡುವ ಮುನ್ನ ಬಿಲ್ಲಿನಲ್ಲಿ ಮಾದರಿಯ ಹೆಸರಿನ ಜೊತೆ ಆರ್‌ಎಂಎಸ್ ವಾಟ್ ಮತ್ತು ಓಮ್ ಬರೆಸಿಕೊಳ್ಳಿ. ಬಾಯಿಮಾತಿನಲ್ಲಿ 500 ಎಂದವರು ಬರೆಯುವಾಗ 200 ಎಂದು ಬರೆದದ್ದನ್ನು ನಾನು ಕಂಡಿದ್ದೇನೆ. ಬರೆಯಲು ಕೇಳಿದ್ದೇ ನನಗೆ ಉಪಕಾರವಾಯಿತು. ಕಾರು ಇನ್ನೂ ವಾರಂಟಿಯಲ್ಲಿದ್ದರೆ ಮೂಲ ವೈರಿಂಗ್ ಕತ್ತರಿಸದೆ ಕಪ್ಲರ್ ಮೂಲಕ ಜೋಡಿಸಲು ಹೇಳಿ, ವಾರಂಟಿ ಪುಸ್ತಕದ ಷರತ್ತನ್ನು ಓದಿಕೊಳ್ಳಿ. ಬಿಲ್ಲಿನಲ್ಲಿ ಬರೆದದ್ದಕ್ಕೂ ಕೊಟ್ಟ ಸಾಮಾನಿಗೂ ತಾಳೆಯಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೂ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ. ಪೆಟ್ಟಿಗೆಯನ್ನೂ ಕೈಪಿಡಿಯನ್ನೂ ಎಸೆಯಬೇಡಿ, ಸಂಖ್ಯೆ ಬರೆದಿರುವ ಬದಿಯ ಫೋಟೋ ತೆಗೆದಿಟ್ಟುಕೊಳ್ಳಿ. ಮೊದಲ ವಾರ ಒಂದು ದಿನ ಅರ್ಧ ಗಂಟೆ ಓಡಿಸಿ ಬಂದು ಫ್ಯೂಸ್ ಹಿಡಿಕೆಯನ್ನೂ ವೈರನ್ನೂ ಕೈಯಿಂದ ಮುಟ್ಟಿ ನೋಡಿ. ಉಗುರುಬೆಚ್ಚಗಿದ್ದರೆ ಸರಿ, ಮುಟ್ಟಲಾಗದಷ್ಟು ಬಿಸಿಯಿದ್ದರೆ ಅಂದೇ ಅಂಗಡಿಗೆ ಒಯ್ದು ಸ್ಕ್ರೂ ಬಿಗಿ ಮಾಡಿಸಿ.